ಐದು ಸಾಲಿನ ಹಾಳೆಯಲ್ಲಿ ಆರನೆಯ ತಪ್ಪು

ಬೆಳಗಿನ ಐದೂ ಮುಕ್ಕಾಲು ಗಂಟೆ. ಗಣಿ ರಕ್ಷಣಾ ಕೇಂದ್ರದ ಹಿಂಬದಿಯ ಕೋಣೆಯಲ್ಲಿ, ತಗಡು ಹೊದಿಸಿದ ಉದ್ದನೆಯ ಮೇಜಿನ ಮುಂದೆ ಕುಳಿತ ಹೆಂಗಸೊಬ್ಬರು ಚೆನ್ನಾಗಿರುವ ಯಂತ್ರವೊಂದನ್ನು ಬಲು ಶ್ರದ್ಧೆಯಿಂದ ಕೆಡಿಸುತ್ತಿದ್ದಾರೆ. ಒಂದು ಕವಾಟವನ್ನು ತಿರುವುಮುರುವಾಗಿ ಕೂರಿಸುತ್ತಾರೆ. ಒಂದು ರಬ್ಬರ್ ವಾಷರ್ ತೆಗೆದು ಅದರ ಜಾಗಕ್ಕೆ ಕೂದಲೆಳೆಯಷ್ಟು ಸೀಳಿರುವ ಇನ್ನೊಂದನ್ನು ಹಾಕುತ್ತಾರೆ. ಒಂದು ತಿರುಪನ್ನು ಕಾಲು ಸುತ್ತು ಸಡಿಲಿಸುತ್ತಾರೆ. ಆಮೇಲೆ ಮುಚ್ಚಳ ಮುಚ್ಚಿ, ಬಟ್ಟೆಯಿಂದ ಒರೆಸಿ, ತನಗೂ ಅದಕ್ಕೂ ಸಂಬಂಧವೇ ಇಲ್ಲವೇನೋ ಎಂಬಂತೆ ಪಕ್ಕಕ್ಕೆ ಸರಿಸಿ ಮುಂದಿನದನ್ನು ಎಳೆದುಕೊಳ್ಳುತ್ತಾರೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾನು ಬಾಯಿಗೆ ತಂದದ್ದೇ ತಡ, ಅವರು ತಲೆ ಎತ್ತದೆಯೇ ನನ್ನನ್ನು ತಿದ್ದುತ್ತಾರೆ. "ದೊಣ್ಣೆಲಿ ಕೆಡಿಸಿದ್ರೆ ಎಲ್ರಿಗೂ ಕಾಣ್ಸುತ್ತೆ. ಕಾಣದ ಹಾಗೆ ಕೆಡಿಸ್ಬೇಕು ಅಂದ್ರೆ ಅದಕ್ಕೂ ವರ್ಷಾನೇ ಬೇಕು."

ಇವರಿಗೆ ಹತ್ತೊಂಬತ್ತು ವರ್ಷ ಹಿಡಿದಿದೆ. ಒಂಬತ್ತು ಗಣಿಗಳಿಗೆ ಸೇರಿದ ಈ ಕೇಂದ್ರದಲ್ಲಿ ಕಾವಲುಗಾರರಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರೂ ಇವರನ್ನು ವಾಷರಕ್ಕ ಎನ್ನುತ್ತಾರೆ. ಕಪಾಟಿನಲ್ಲಿರುವ ಪೆಟ್ಟಿಗೆಗಳು ಮೂವತ್ತಾರು, ಒಂದೊಂದರಲ್ಲಿ ವಾಷರ್ ಏಳು, ಒಟ್ಟು ಇನ್ನೂರೈವತ್ತೆರಡು. ಅವುಗಳಲ್ಲಿ ಯಾವುದನ್ನು ಯಾವಾಗ ಬದಲಾಯಿಸಿದ್ದು ಎಂದು ಕೇಳಿದರೆ ರಿಜಿಸ್ಟರ್ ತೆರೆಯುವ ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ರಿಜಿಸ್ಟರನ್ನೂ ತೆರೆಯುತ್ತಾರೆ, ಏಕೆಂದರೆ ಬಾಯಿಮಾತನ್ನು ಅವರು ತಮ್ಮದಾದರೂ ನಂಬುವುದಿಲ್ಲ.

ಪೆಟ್ಟಿಗೆ ಎಂದರೆ ಉಸಿರಿನ ಪೆಟ್ಟಿಗೆ. ಗಣಿಯೊಳಗೆ ಬೆಂಕಿ ಬಿದ್ದಾಗ, ವಿಷಗಾಳಿ ತುಂಬಿದಾಗ ಎಲ್ಲರೂ ಹೊರಕ್ಕೆ ಓಡಿ ಬರುತ್ತಾರೆ. ಅದೇ ಹೊತ್ತಿಗೆ ಐದು ಜನ ಒಳಕ್ಕೆ ಹೋಗುತ್ತಾರೆ. ಅವರ ಬೆನ್ನ ಮೇಲೆ ಹದಿನೈದು ಕಿಲೋ ತೂಕದ ಈ ಪೆಟ್ಟಿಗೆ ಇರುತ್ತದೆ. ಬಿಟ್ಟ ಉಸಿರನ್ನೇ ಶುದ್ಧ ಮಾಡಿ, ಆಮ್ಲಜನಕ ಬೆರೆಸಿ, ಮತ್ತೆ ಮೂಗಿಗೆ ಕೊಡುತ್ತದೆ. ನಾಲ್ಕು ಗಂಟೆ ಕಾಲ ಮನುಷ್ಯನಿಗೂ ಹೊರಗಿನ ಗಾಳಿಗೂ ಸಂಬಂಧವಿರುವುದಿಲ್ಲ. ಎಲ್ಲಾದರೂ ಒಂದು ವಾಷರ್ ಸೋರಿದರೆ ಆ ಸಂಬಂಧ ಮತ್ತೆ ಬೆಳೆಯುತ್ತದೆ, ಮನುಷ್ಯ ಅಲ್ಲೇ ಕುಸಿಯುತ್ತಾನೆ.

ಹಾಗಾಗಿ ಒಳಗೆ ಹೋಗಲು ಎದೆಗಾರಿಕೆಯೊಂದೇ ಸಾಲದು, ಪ್ರಮಾಣಪತ್ರವೂ ಬೇಕು. ಹೊಗೆ ತುಂಬಿದ ಸುರಂಗದಲ್ಲಿ ತೆವಳಬೇಕು, ಗಾಯಾಳುವನ್ನು ಹೊತ್ತು ತರಬೇಕು, ಪ್ರಥಮ ಚಿಕಿತ್ಸೆ ಗೊತ್ತಿರಬೇಕು. ಕೊನೆಗೆ ಈ ಕೋಣೆಗೆ ಬಂದು, ತಪ್ಪುಗಳನ್ನು ಬಚ್ಚಿಟ್ಟಿರುವ ಪೆಟ್ಟಿಗೆಯೊಂದನ್ನು ಮೂವತ್ತು ನಿಮಿಷದಲ್ಲಿ ಬಿಚ್ಚಿ, ತಪ್ಪು ಹುಡುಕಿ, ಹಾಳೆಯಲ್ಲಿ ಬರೆದು, ಸರಿಪಡಿಸಿ, 'ಬಳಕೆಗೆ ಯೋಗ್ಯ' ಎಂದು ಸಹಿ ಹಾಕಬೇಕು. ಪತ್ರ ಸಿಕ್ಕರೆ ಎರಡು ವರ್ಷ, ಆಮೇಲೆ ಮತ್ತೆ ಪರೀಕ್ಷೆ. ಇದುವರೆಗೆ ಸಾವಿರದ ನಾನೂರಕ್ಕೂ ಹೆಚ್ಚು ಮಂದಿ ಆ ಮೇಜಿನ ಮುಂದೆ ಬೆವರಿದ್ದಾರೆ. ಅವರೆಲ್ಲರಿಗೂ ತಪ್ಪು ಬಚ್ಚಿಟ್ಟ ಕೈ ಒಂದೇ.

ಈಗ ಆ ಕೈಯ ಸ್ಥಿತಿ ವಿಚಿತ್ರವಾಗಿದೆ. ಮೂರು ವಾರದಿಂದ ವಾಷರಕ್ಕನಿಗೆ ಪೆಟ್ಟಿಗೆಗಳನ್ನು ಕೆಡಿಸಲು ಅನುಮತಿ ಇದೆ, ಸರಿಪಡಿಸಲು ಇಲ್ಲ. ಪರೀಕ್ಷೆಗೆಂದೇ ಇರುವ ಎಂಟು ಹಳೆಯ ಪೆಟ್ಟಿಗೆಗಳನ್ನು ಮುಟ್ಟಬಹುದು. ಕಪಾಟಿನಲ್ಲಿರುವ, ನಿಜವಾದ ಕರೆಗೆ ಹೊರಡುವ ಮೂವತ್ತಾರನ್ನು ಮುಟ್ಟುವಂತಿಲ್ಲ. ಮುಂದೆ ಎಂದಾದರೂ ಮುಟ್ಟಬಹುದೇ ಎನ್ನುವುದು ಇವತ್ತು ಗೊತ್ತಾಗುತ್ತದೆ. ಪರೀಕ್ಷಕರು ಒಂಬತ್ತು ಗಂಟೆಗೆ ಬರುತ್ತಾರೆ, ಎಂಟು ಅಭ್ಯರ್ಥಿಗಳ ಪರೀಕ್ಷೆ ಮುಗಿಸುತ್ತಾರೆ, ಅಕ್ಕನ ಫಲಿತಾಂಶವನ್ನೂ ಅವರೇ ತರುತ್ತಾರೆ.

ಟೆನ್ಷನ್ ಇಲ್ಲವೇ ಎಂದು ಕೇಳುತ್ತೇನೆ. "ಕೈ ನಡುಗಿದ್ರೆ ಟೆನ್ಷನ್ ಅಂತ. ನಡುಗ್ತಿಲ್ಲ ನೋಡಿ" ಎಂದು ಎರಡು ಮಿಲಿಮೀಟರ್ ತಿರುಪೊಂದನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ತೋರಿಸುತ್ತಾರೆ.

ಮೇಜಿನ ಬಲಗಡೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದು ತಪ್ಪುಗಳ ಡಬ್ಬಿ. ಸೀಳಿದ ವಾಷರ್, ಸೊಟ್ಟಗಾದ ಸ್ಪ್ರಿಂಗ್, ಸವೆದ ಕವಾಟ, ತೂತಾದ ಪೊರೆ, ಒಟ್ಟು ನಲವತ್ತಮೂರು ಹಾಳು ಬಿಡಿಭಾಗಗಳು. ಒಂದೊಂದಕ್ಕೂ ಕೆಂಪು ದಾರ ಕಟ್ಟಿದೆ. ಪೆಟ್ಟಿಗೆಯೊಳಗೆ ಒಂದು ತಪ್ಪು ಇಡುವಾಗ ಅಕ್ಕ ಅದರ ದಾರ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕುತ್ತಾರೆ. ಮೊಳೆಯಲ್ಲಿ ಎಷ್ಟು ದಾರವೋ ಅಷ್ಟು ತಪ್ಪು ಹೊರಗೆ ತಿರುಗುತ್ತಿವೆ ಎಂದು ಅರ್ಥ. ಪರೀಕ್ಷೆ ಮುಗಿದ ಮೇಲೆ ಪ್ರತಿ ತಪ್ಪೂ ವಾಪಸು ಬಂದು ತನ್ನ ದಾರ ಕಟ್ಟಿಸಿಕೊಳ್ಳಬೇಕು. ಮೊಳೆ ಖಾಲಿಯಾಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ.

ಒಂದು ಸಲ ಒಂದು ದಾರ ಮೊಳೆಯಲ್ಲೇ ಉಳಿದುಬಿಟ್ಟಿತಂತೆ. ಕೋಣೆಯನ್ನೆಲ್ಲ ಜಾಲಾಡಿದರು, ಮೇಜಿನ ಕೆಳಗೆ ತೆವಳಿದರು, ಕಸದ ಬುಟ್ಟಿ ಸುರಿದು ನೋಡಿದರು. ಕೊನೆಗೆ ಅಭ್ಯರ್ಥಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಜೇಬು ತೆಗೆಸಿದಾಗ, ಪಾಸಾದ ಖುಷಿಯಲ್ಲಿ ಒಬ್ಬಾತ ನೆನಪಿಗಿರಲಿ ಎಂದು ಜೇಬಿಗೆ ಹಾಕಿಕೊಂಡಿದ್ದ ಸೀಳು ವಾಷರ್ ಈಚೆ ಬಂತು. ಅವನ ಪತ್ರವನ್ನು ಆರು ತಿಂಗಳು ತಡೆಹಿಡಿದರು. ಹಾಗೆ ಮಾಡಲು ಮುಖ್ಯಸ್ಥರನ್ನು ಒತ್ತಾಯಿಸಿದ್ದು ತಾನೇ ಎಂದು ಅಕ್ಕ ಸ್ವಲ್ಪವೂ ಸಂಕೋಚವಿಲ್ಲದೆ ಹೇಳುತ್ತಾರೆ.

ಎಂಟನೆಯ ಪೆಟ್ಟಿಗೆಗೆ ಬಂದಾಗ ಡಬ್ಬಿಯಿಂದ ಗೇಣುದ್ದದ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಂದನ್ನು ತೆಗೆಯುತ್ತಾರೆ. ಪೆಟ್ಟಿಗೆಯಿಂದ ಮುಖವಾಡಕ್ಕೆ ಉಸಿರು ಒಯ್ಯುವ ಕೊಳವೆ. ನನ್ನ ಕಣ್ಣಿಗೆ ಹೊಚ್ಚಹೊಸದಾಗಿ ಕಾಣುತ್ತದೆ. ಅದರ ದಾರ ಬಿಚ್ಚುವಾಗ ಅವರ ಬೆರಳುಗಳು ಕ್ಷಣಕಾಲ ತಡೆಯುತ್ತವೆ. ಇದರಲ್ಲೇನು ತಪ್ಪು ಎಂದರೆ, ಆಮೇಲೆ ಹೇಳ್ತೀನಿ ಎನ್ನುತ್ತಾರೆ.

ಇದಕ್ಕೂ ಮುಂಚೆ ನನಗೂ ಒಂದು ಪರೀಕ್ಷೆ ಆಗಿತ್ತು. ಬರೀ ಬರೆದುಕೊಂಡರೆ ಏನು ಬಂತು ಎಂದು ಒಂದು ಪೆಟ್ಟಿಗೆಯನ್ನು ಮುಂದಿಟ್ಟು, ಹೇಗೆ ನೋಡಬೇಕೆಂದು ಹೇಳಿಕೊಟ್ಟು, ಹತ್ತು ನಿಮಿಷ ಕೊಟ್ಟರು. ನಾನು ಮುಚ್ಚಳ ತೆಗೆದೆ, ಸಾಬೂನಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡಿದೆ, ಕಿವಿಯಿಟ್ಟು ಕೇಳಿದೆ. ಒಂಬತ್ತನೆಯ ನಿಮಿಷದಲ್ಲಿ ಒಂದು ಸ್ಪ್ರಿಂಗ್ ಸ್ವಲ್ಪ ವಾಲಿದೆ ಎಂದು ಗಟ್ಟಿ ಧ್ವನಿಯಲ್ಲಿ ಘೋಷಿಸಿದೆ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆ ಪೆಟ್ಟಿಗೆಯಲ್ಲಿ ಅವರು ಇನ್ನೂ ಏನೂ ಇಟ್ಟಿರಲಿಲ್ಲ.

ತಪ್ಪೇ ಇಲ್ಲದ ಪೆಟ್ಟಿಗೆಯೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಎನ್ನುತ್ತಾರೆ ಅವರು. ವರ್ಷಕ್ಕೊಮ್ಮೆ ಒಬ್ಬರಿಗೆ ಅದನ್ನು ಕೊಡುತ್ತಾರೆ. ಹತ್ತರಲ್ಲಿ ಎಂಟು ಮಂದಿ ಏನಾದರೊಂದು ತಪ್ಪು ಹುಟ್ಟಿಸುತ್ತಾರೆ, ಒಬ್ಬರಂತೂ ಹುಡುಕಿ ಹುಡುಕಿ ಸರಿಯಿದ್ದ ಕವಾಟವನ್ನೇ ಮುರಿದರಂತೆ. ಇದಕ್ಕಿಂತ ದೊಡ್ಡ ಕಾಯಿಲೆ ಇನ್ನೊಂದಿದೆ. ಅಭ್ಯರ್ಥಿಗೆ ಕೊಡುವ ಹಾಳೆಯಲ್ಲಿ ತಪ್ಪು ಬರೆಯಲು ಐದು ಸಾಲು ಇರುತ್ತಿದ್ದವು. ಐದು ತಪ್ಪು ಸಿಕ್ಕಿ ಐದು ಸಾಲು ತುಂಬಿದ ಕೂಡಲೇ ಜನ ಪೆನ್ನು ಕೆಳಗಿಟ್ಟು ಬೆನ್ನು ಒರಗಿಸಿಬಿಡುತ್ತಾರೆ. ಆಮೇಲೆ ಅವರ ಕಣ್ಣಿಗೆ ಆನೆ ಅಡ್ಡ ಬಂದರೂ ಕಾಣುವುದಿಲ್ಲ.

ವಾಷರಕ್ಕ ಓದಿದ್ದು ಏಳನೆಯ ತರಗತಿ. ತಂದೆ ಗಣಿಯೊಳಗೆ ಚಾವಣಿಗೆ ಮರದ ಆಸರೆ ನಿಲ್ಲಿಸುವ ಕೆಲಸದವರು. ಗಂಡ ಗಣಿಬಾಯಿಯ ಲಿಫ್ಟ್ ಓಡಿಸುತ್ತಾರೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಈ ಕೇಂದ್ರಕ್ಕೆ ಸೇರಿದ್ದು ಮುಖವಾಡ ತೊಳೆಯಲು. ತರಬೇತಿ ಮುಗಿಸಿ ಬಂದವರ ಬೆವರು, ಜೊಲ್ಲು, ಕಲ್ಲಿದ್ದಲ ಪುಡಿ ಮೆತ್ತಿದ ನಲವತ್ತೆಂಟು ಮುಖವಾಡಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕಿತ್ತು.

ಆಗ ಪೆಟ್ಟಿಗೆಗಳ ಉಸ್ತುವಾರಿ ಒಬ್ಬ ಹಿರಿಯ ಮೆಕ್ಯಾನಿಕ್ಕಿನದು. ಅವರ ಕೈ ನಡುಗಲು ಶುರುವಾಗಿತ್ತು. ಹೊರಗೆ ಹೇಳಿಕೊಳ್ಳುವಂತಿಲ್ಲ, ಹೇಳದೆ ಕೆಲಸ ಸಾಗುವಂತಿಲ್ಲ. ತೊಟ್ಟಿಯ ಬಳಿ ನಿಂತಿದ್ದ ಈ ಹೆಂಗಸನ್ನು ಕರೆದು, ಆ ತಿರುಪನ್ನು ಹಿಡಿದುಕೋ ತಾಯಿ ಎಂದರು. ಹಾಗೆ ಹಿಡಿದ ತಿರುಪು ಐದು ವರ್ಷ ಕೈಬಿಡಲಿಲ್ಲ. ಅವರು ಬಾಯಲ್ಲಿ ಹೇಳುತ್ತಿದ್ದರು, ಇವರು ಬೆರಳಲ್ಲಿ ಮಾಡುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಕೆಲಸವೆಲ್ಲ ಅಕ್ಕನ ಕೈಗೆ ಬಂತು. ಕಾಗದದಲ್ಲಿ ಮಾತ್ರ ಅವರು ಇವತ್ತಿಗೂ ಮುಖವಾಡ ತೊಳೆಯುವವರು.

ಹಿರಿಯರಿಂದ ಕಲಿತ ಒಂದು ಪಾಠವನ್ನು ಅಕ್ಕ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. "ಪೆಟ್ಟಿಗೆ ಮೇಜಿನ ಮೇಲೆ ಕೂತು ಕೆಲ್ಸ ಮಾಡಲ್ಲ, ಮನುಷ್ಯನ ಬೆನ್ನ ಮೇಲೆ ಕೂತು ಮಾಡುತ್ತೆ." ಆದ್ದರಿಂದ ಬೇರೆಯವರು ಮೇಜಿನ ಮೇಲೆಯೇ ಗಾಳಿ ತುಂಬಿ, ಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ನೋಡಿ ಮುಗಿಸಿದರೆ, ಇವರು ಪ್ರತಿ ಪೆಟ್ಟಿಗೆಯನ್ನೂ ತಾವೇ ಹೊತ್ತು, ಮುಖವಾಡ ಹಾಕಿ, ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ನೋಡುತ್ತಾರೆ. ಒಂದು ಪೆಟ್ಟಿಗೆಗೆ ಇಪ್ಪತ್ತೆರಡು ನಿಮಿಷ, ದಿನಕ್ಕೆ ಹನ್ನೆರಡು ಪೆಟ್ಟಿಗೆ, ಮೂರು ದಿನದಲ್ಲಿ ಒಂದು ಸುತ್ತು. ಹದಿನೈದು ದಿನ ಬಿಟ್ಟು ಮತ್ತೆ ಮೊದಲಿನಿಂದ.

ಎಂಟು ವರ್ಷದ ಹಿಂದೆ ಒಂದು ಗಣಿಯಲ್ಲಿ ಬೆಂಕಿ ಬಿದ್ದಾಗ ರಕ್ಷಣಾ ತಂಡ ಮೂರು ಗಂಟೆ ಹತ್ತು ನಿಮಿಷ ಒಳಗಿದ್ದು ಏಳು ಜನರನ್ನು ಜೀವಂತ ಹೊರತಂದಿತು. ಆ ತಂಡದ ಕ್ಯಾಪ್ಟನ್ ಈಗಲೂ ಇಲ್ಲೇ ಇದ್ದಾರೆ, ಆರಡಿ ಮೀರಿದ ಆಳು, ಮಾತು ಮಾತ್ರ ಮೂರೇ ಮೂರು. ಅಂದು ಪತ್ರಿಕೆಗಳಲ್ಲಿ ಅವರ ಫೋಟೋ ಬಂತು. ಅವರು ಮೇಲೆ ಬಂದವರೇ ನೇರ ಈ ಕೋಣೆಗೆ ಬಂದು, ಪೆಟ್ಟಿಗೆ ಇಳಿಸಿ, "ಅಕ್ಕ, ಒಳಗಿದ್ದಷ್ಟು ಹೊತ್ತೂ ಈ ಪೆಟ್ಟಿಗೆ ನೆನಪೇ ಆಗ್ಲಿಲ್ಲ" ಎಂದಷ್ಟೇ ಹೇಳಿ ಹೋದರಂತೆ. ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ತಾನು ಕೇಳಿಲ್ಲ ಎನ್ನುತ್ತಾರೆ ಅಕ್ಕ. ನನಗೂ ಹಾಗೇ ಅನ್ನಿಸುತ್ತದೆ.

ಆದರೆ ಅಂದು ಆ ಪೆಟ್ಟಿಗೆಗೆ ನೇತುಬಿದ್ದಿದ್ದ ಬಿಲ್ಲೆಯ ಮೇಲೆ ಅಕ್ಕನ ಗುರುತಿರಲಿಲ್ಲ. ತಪಾಸಣೆ ಮುಗಿದ ಪ್ರತಿ ಪೆಟ್ಟಿಗೆಗೂ ಒಂದು ತಗಡಿನ ಬಿಲ್ಲೆ ತೂಗುಹಾಕುತ್ತಾರೆ, ಅದರ ಮೇಲೆ ತಪಾಸಣೆ ಮಾಡಿದವರ ನಂಬರು ಇರುತ್ತದೆ. ಇಳಿಯುವ ಮುಂಚೆ ಪ್ರತಿಯೊಬ್ಬರೂ ಬಿಲ್ಲೆಯನ್ನು ಬೆರಳಲ್ಲಿ ಮುಟ್ಟಿ ಆ ನಂಬರನ್ನು ಗಟ್ಟಿಯಾಗಿ ಓದುವುದು ಇಲ್ಲಿನ ಪದ್ಧತಿ. ನಂಬರು ತಪಾಸಣೆಯ ಪ್ರಮಾಣಪತ್ರ ಇದ್ದವರಿಗೆ ಮಾತ್ರ. ಹೀಗಾಗಿ ಹದಿನಾಲ್ಕು ವರ್ಷದಿಂದ ಮೂವತ್ತಾರು ಪೆಟ್ಟಿಗೆಗಳ ಮೇಲೂ ಕೇಂದ್ರದ ಮುಖ್ಯಸ್ಥರ ನಂಬರು, ನಾಲ್ಕು. ಮುಖ್ಯಸ್ಥರು ಪ್ರಾಮಾಣಿಕರು, ನನ್ನೆದುರೇ ಒಪ್ಪಿಕೊಂಡರು. ಅವರು ನೋಡಿ ಸಹಿ ಹಾಕುತ್ತಿದ್ದುದು ಪೆಟ್ಟಿಗೆಯನ್ನಲ್ಲ, ಅಕ್ಕನ ಮುಖವನ್ನು.

ಈ ವರ್ಷ ಹೊಸ ನಿಯಮ ಬಂತು. ತಪಾಸಣೆ ಮಾಡುವ ಕೈಗೇ ಪ್ರಮಾಣಪತ್ರ ಇರಬೇಕು, ಬಿಲ್ಲೆಯ ಮೇಲೆ ಅವರದೇ ನಂಬರು ಇರಬೇಕು. ಅಕ್ಕ ಪರೀಕ್ಷೆಗೆ ಕೂರಬೇಕು. ಪಾಸಾದರೆ ಈ ಮೇಜು ಅವರದು. ಫೇಲಾದರೆ ಹೊರಗಿನಿಂದ ಒಬ್ಬರು ಬರುತ್ತಾರೆ, ಅಕ್ಕ ಮತ್ತೆ ತೊಟ್ಟಿಯ ಬಳಿಗೆ. ಸಾವಿರಕ್ಕೂ ಹೆಚ್ಚು ಜನರ ಪರೀಕ್ಷೆಗೆ ತಪ್ಪು ಬಚ್ಚಿಟ್ಟವರು ಈಗ ತಾವೇ ತಪ್ಪು ಹುಡುಕಲು ಕೂರಬೇಕಾಯಿತು.

ಕೈಕೆಲಸದ ಬಗ್ಗೆ ಅವರಿಗೆ ಭಯವಿರಲಿಲ್ಲ. ಭಯವಿದ್ದದ್ದು ಬರೆಯುವ ಪರೀಕ್ಷೆಯದು. ಐವತ್ತು ಪ್ರಶ್ನೆ, ಪಾಸಾಗಲು ಮೂವತ್ತು ಅಂಕ. ಅದಕ್ಕೆ ಮನೆಯಲ್ಲೇ ಮೇಷ್ಟರು ಸಿಕ್ಕರು, ಅದೂ ಅತ್ತೆ. ಎಪ್ಪತ್ತೆಂಟು ವರ್ಷದ ಆಕೆ ನಿವೃತ್ತ ಗಣಿತದ ಟೀಚರ್. ಸೊಸೆ ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ ಪುಸ್ತಕ ಹಿಡಿದು ಎದುರಿಗೆ ಕೂರುತ್ತಿದ್ದರು. ಮೀಥೇನ್ ಎಷ್ಟಿದ್ದರೆ ಸಿಡಿಯುತ್ತೆ? ನೂರಕ್ಕೆ ಐದರಿಂದ ಹದಿನೈದು. ಹದಿನಾರಿದ್ದರೆ? ಆಗ ಸಿಡಿಯಲ್ಲ, ಆದರೆ ಮನುಷ್ಯ ಉಸಿರುಗಟ್ಟಿ ಸಾಯಬಹುದು. ಉತ್ತರ ತಡವಾದರೆ ಮೇಜಿನ ಮೇಲೆ ಸೌಟು ಬಡಿಯುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ತನ್ನ ಕಾಲ ಬರುವ ಲಕ್ಷಣವೇ ಕಾಣುತ್ತಿಲ್ಲ ಎಂದು ಅಕ್ಕ ದೂರುತ್ತಾರೆ. ಗಂಡನ ದೂರು ಬೇರೆ. ಇನ್ನೂರೈವತ್ತೆರಡು ವಾಷರ್ ನೋಡಿಕೊಳ್ಳುವವರ ಮನೆಯ ಕುಕ್ಕರಿನ ವಾಷರ್ ಎರಡು ವರ್ಷದಿಂದ ಸೋರುತ್ತಿದೆಯಂತೆ. ದೀಪದ ಬುಡದಲ್ಲೇ ಕತ್ತಲು.

ಓದು ಮನೆಯಲ್ಲಿ ಮುಗಿಯದೆ ಕೆಲಸದ ಕೋಣೆಗೂ ಬಂತು. ಪರೀಕ್ಷೆಗೆ ಒಂಬತ್ತು ದಿನ ಇರುವಾಗ ಅಕ್ಕ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡು, ಬಾಯಲ್ಲಿ ಅನಿಲಗಳ ಲೆಕ್ಕ ಒಪ್ಪಿಸುತ್ತ, ಕೈಯಲ್ಲಿ ಹನ್ನೆರಡು ಪೆಟ್ಟಿಗೆಗಳ ತಪಾಸಣೆ ಮಾಡಿದರು. ಆ ಹನ್ನೆರಡಕ್ಕೂ ಆಗಷ್ಟೇ ಹೊಸ ಕೊಳವೆ ಹಾಕಿತ್ತು. ಪ್ರತಿ ಪೆಟ್ಟಿಗೆಯ ಕಾರ್ಡಿನಲ್ಲೂ ಅಕ್ಕನ ಕೈಯಿಂದ ತಪಾಸಣೆಯ ತಾರೀಕು ಬಿತ್ತು. ಬರೆಯುವ ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತೊಂದು ಬಂತು. ಅತ್ತೆ ಉಳಿದ ಒಂಬತ್ತು ಎಲ್ಲಿ ಹೋಯಿತು ಎಂದು ಕೇಳಿದರು.

ಕೈಪರೀಕ್ಷೆಗೆ ಪರೀಕ್ಷಕರು ಹೊರಗಿನಿಂದ ಬಂದರು. ನರೆತ ತಲೆಯ, ಕಡಿಮೆ ಮಾತಿನ ಮನುಷ್ಯ. ಅಕ್ಕ ಅಭ್ಯಾಸಬಲದಿಂದ ತಮ್ಮ ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ಚಾಚಿದರೆ, ಅವರು ನಕ್ಕು ತಮ್ಮ ಚೀಲದಿಂದ ಬೇರೆ ಡಬ್ಬಿ ತೆಗೆದರು. ಹಳೆಯ ಎಂಟು ಪೆಟ್ಟಿಗೆಗಳು ಅಕ್ಕನಿಗೆ ಬಾಯಿಪಾಠ ಎಂದು ತಿಳಿದು, ಕಪಾಟಿನಿಂದಲೇ ಒಂದನ್ನು ಇಳಿಸಿಕೊಂಡರು. ಇಪ್ಪತ್ತಮೂರನೆಯ ನಂಬರಿನ ಪೆಟ್ಟಿಗೆ. ಬಾಗಿಲು ಹಾಕಿಕೊಂಡು ಐದು ತಪ್ಪು ಇಟ್ಟು, ನಲವತ್ತೈದು ನಿಮಿಷ ಕೊಟ್ಟರು. ಹಾಳೆಯಲ್ಲಿ ಐದು ಸಾಲು.

ಐದೂ ಸಿಕ್ಕವು. ಐದನೆಯದಕ್ಕೆ ಮಾತ್ರ ಅಕ್ಕ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆಮ್ಲಜನಕ ಮುಗಿಯುತ್ತ ಬಂದಾಗ ಎಚ್ಚರಿಸುವ ಸೀಟಿಯ ಬಾಯಿಗೆ ಪರೀಕ್ಷಕರು ಒಂದು ಚೂರು ಮೇಣ ಮೆತ್ತಿದ್ದರು. ಇಷ್ಟು ವರ್ಷದಲ್ಲಿ ತನಗೆ ಹೊಳೆಯದ ತಪ್ಪು ಅದು. ಪರೀಕ್ಷೆಯ ನಡುವೆಯೂ ಅವರಿಗೆ ಹೊಟ್ಟೆಕಿಚ್ಚಾಯಿತಂತೆ. ಸಾಲು ತುಂಬಿತು. ಇನ್ನೂ ಹನ್ನೊಂದು ನಿಮಿಷ ಉಳಿದಿತ್ತು. ಪೆನ್ನು ಕೆಳಗಿಟ್ಟರೆ ಪಾಸು.

ಅವರು ಪೆಟ್ಟಿಗೆ ಹೊತ್ತು, ಮುಖವಾಡ ಹಾಕಿ, ಕತ್ತು ತಿರುಗಿಸಿದರು. ಬಲಕ್ಕೆ ಏನೂ ಆಗಲಿಲ್ಲ. ಎಡಕ್ಕೆ ತಿರುಗಿಸಿದಾಗ ಮಾಪಕದ ಮುಳ್ಳು ಅಲುಗಿತು. ಮತ್ತೆ ತಿರುಗಿಸಿದರು, ಮತ್ತೆ ಅಲುಗಿತು. ಕೊಳವೆಯ ಸುಕ್ಕಿನ ಸಂದಿಯಲ್ಲಿ ಉಗುರಿನಷ್ಟು ಬಿರುಕಿತ್ತು. ನೆಟ್ಟಗಿದ್ದಾಗ ಮುಚ್ಚಿಕೊಳ್ಳುತ್ತದೆ, ಕತ್ತು ಹೊರಳಿದಾಗ ತೆರೆದುಕೊಳ್ಳುತ್ತದೆ. ಅದು ಪರೀಕ್ಷಕರು ಇಟ್ಟ ತಪ್ಪಲ್ಲ. ಪೆಟ್ಟಿಗೆಯ ಕಾರ್ಡು ನೋಡಿದರು. ಕೊನೆಯ ತಪಾಸಣೆ ಒಂಬತ್ತು ದಿನದ ಹಿಂದೆ, ಕೈಬರಹ ತಮ್ಮದೇ. ಬಾಯಲ್ಲಿ ಮೀಥೇನ್ ಒಪ್ಪಿಸುತ್ತಿದ್ದ ದಿನ ಅವರು ಒಂದು ಪೆಟ್ಟಿಗೆಯನ್ನೂ ಬೆನ್ನಿಗೆ ಏರಿಸಿರಲಿಲ್ಲ. ಮೇಜಿನ ಮೇಲೇ ನೋಡಿ ಮುಗಿಸಿದ್ದರು.

ಬರೆದರೆ ವಿಚಾರಣೆ ಖಚಿತ ಎಂದು ಅವರಿಗೆ ಗೊತ್ತಿತ್ತು. ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲವೇ ಎಂದು ನಾನು ಕೇಳಿಯೇಬಿಟ್ಟೆ.

"ಬಂತು. ಸುಳ್ಳು ಯಾಕೆ ಹೇಳ್ಲಿ. ಪರೀಕ್ಷೆ ಮುಗೀಲಿ, ಆಮೇಲೆ ಸದ್ದಿಲ್ದೆ ಕೊಳವೆ ಬದಲಾಯ್ಸಿಬಿಡೋಣ ಅನ್ನಿಸ್ತು. ಎರಡು ನಿಮಿಷ ಹಾಗೇ ಕೂತಿದ್ದೆ. ಆದ್ರೆ ಅದೇ ಕೊಳವೆ ಇನ್ನೂ ಹನ್ನೊಂದು ಪೆಟ್ಟಿಗೆಲಿ ಇತ್ತು. ನಾನು ಅಲ್ಲಿ ಕೂತು ಪಾಸಾಗ್ತಿರೋವಾಗ ಕರೆ ಬಂದ್ರೆ, ಅದನ್ನ ಹೊತ್ಕೊಂಡು ಹೋಗೋರು ಯಾರು? ನಾನಲ್ಲವಲ್ಲ."

ಅಕ್ಕ ಸ್ಕೇಲು ತೆಗೆದು ಐದನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದರು. ಆರು ಎಂದು ಬರೆದರು. ಕೊಳವೆಯಲ್ಲಿ ಬಿರುಕು, ಎಡಕ್ಕೆ ಹೊರಳಿದಾಗ ಸೋರಿಕೆ, ಕೊನೆಯ ಬಾರಿ ತಪಾಸಣೆ ಮಾಡಿದವರು ನಾನು. 'ಬಳಕೆಗೆ ಯೋಗ್ಯ' ಎಂಬಲ್ಲಿ ಸಹಿ ಹಾಕದೆ ಹಾಳೆ ಕೊಟ್ಟರು.

ಪರೀಕ್ಷಕರು ಓದಿ ಮುಖ್ಯಸ್ಥರನ್ನು ಕರೆದರು. ಅರ್ಧ ಗಂಟೆಯಲ್ಲಿ ಕಪಾಟಿಗೆ ಮೊಹರು ಬಿತ್ತು, ಪಕ್ಕದ ಕೇಂದ್ರದಿಂದ ಪೆಟ್ಟಿಗೆಗಳನ್ನು ತರಿಸಿದರು. ಮೂವತ್ತಾರನ್ನೂ ಮರುತಪಾಸಣೆ ಮಾಡಬೇಕು, ಆದರೆ ಅಕ್ಕ ಮುಟ್ಟುವಂತಿಲ್ಲ. ಕ್ಯಾಪ್ಟನ್ ಮತ್ತು ಅವರ ತಂಡ ಪೆಟ್ಟಿಗೆ ಹೊತ್ತರು. ಅಕ್ಕ ಎರಡು ದಿನ ಸ್ಟೂಲಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು, ಕತ್ತು ಎಡಕ್ಕೆ, ಇನ್ನೂ ಪೂರ್ತಿ, ಈಗ ಬಲಕ್ಕೆ ಎಂದು ಹೇಳುತ್ತ ಕುಳಿತರು. ಆ ಎರಡು ದಿನ ಕೈ ಸುಮ್ಮನಿರಿಸಿಕೊಂಡದ್ದೇ ತನ್ನ ಜೀವನದ ಅತಿ ಕಷ್ಟದ ಕೆಲಸ ಎನ್ನುತ್ತಾರೆ. ಇನ್ನೆರಡು ಪೆಟ್ಟಿಗೆಗಳಲ್ಲಿ ಅದೇ ಬಿರುಕು ಸಿಕ್ಕಿತು. ಹನ್ನೆರಡು ಕೊಳವೆಗಳನ್ನೂ ಬದಲಾಯಿಸಿದರು. ಆಮೇಲೆ ಮೂರು ವಾರ ಅಕ್ಕ ತೊಟ್ಟಿಯ ಬಳಿ ಮುಖವಾಡ ತೊಳೆದರು.

ಇಪ್ಪತ್ತಮೂರನೆಯ ಪೆಟ್ಟಿಗೆಯ ಬಿರುಕು ಕೊಳವೆಯನ್ನು ಅವರು ಎಸೆಯಲಿಲ್ಲ. ಕೆಂಪು ದಾರ ಕಟ್ಟಿ ಡಬ್ಬಿಗೆ ಹಾಕಿದರು. ಬೆಳಿಗ್ಗೆ ನನಗೆ ಹೊಚ್ಚಹೊಸದಾಗಿ ಕಂಡದ್ದು ಅದೇ. ಡಬ್ಬಿಯಲ್ಲಿ ಮೊದಲು ನಲವತ್ತೊಂದು ತಪ್ಪಿದ್ದವು, ಪರೀಕ್ಷಕರಿಂದ ಕಲಿತ ಮೇಣ ನಲವತ್ತೆರಡನೆಯದು. ನಲವತ್ತಮೂರನೆಯದು ಅವರದೇ.

ಒಂಬತ್ತು ಗಂಟೆಗೆ ಪರೀಕ್ಷಕರು ಬರುತ್ತಾರೆ. ಕೈಯಲ್ಲಿ ಕಂದು ಲಕೋಟೆ ಇದೆ. ನಮಸ್ಕಾರ ಹೇಳಿ ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೊದಲು ಕೆಲಸ ಎನ್ನುತ್ತಾರೆ. ನಾನು ಸುಳಿವಿಗಾಗಿ ಕೆದಕಿದರೆ, ಎಲ್ಲವನ್ನೂ ಪರಿಶೀಲಿಸಲಾಗಿದೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ. ಅಕ್ಕ ಲಕೋಟೆಯತ್ತ ತಿರುಗಿಯೂ ನೋಡುವುದಿಲ್ಲ. ನಾನಂತೂ ಬೇರೆ ಏನನ್ನೂ ನೋಡಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಎಂಟು ಅಭ್ಯರ್ಥಿಗಳು ಕೂರುತ್ತಾರೆ. ಅವರಿಗೆ ಕೊಟ್ಟ ಹಾಳೆ ನೋಡಿ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಳೆಯಲ್ಲಿ ಸಾಲುಗಳಿಲ್ಲ, ಸಂಖ್ಯೆಗಳಿಲ್ಲ, ಬರೀ ಖಾಲಿ ಜಾಗ. ಎಷ್ಟು ತಪ್ಪು ಹುಡುಕಬೇಕು ಎಂದು ಒಬ್ಬ ಕೇಳಿದರೆ, ಇರುವಷ್ಟು ಎಂದು ಪರೀಕ್ಷಕರು ಉತ್ತರಿಸುತ್ತಾರೆ. ಈ ತಿಂಗಳಿನಿಂದ ಎಲ್ಲ ಕೇಂದ್ರಗಳಲ್ಲೂ ಇದೇ ಹಾಳೆಯಂತೆ. ಅಕ್ಕನಿಗೆ ಇದು ಮೊದಲೇ ಗೊತ್ತಿರಲಿಲ್ಲ. ಅವರು ಒಂದು ಖಾಲಿ ಹಾಳೆಯನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ಜೋಪಾನವಾಗಿ ಇದ್ದಲ್ಲೇ ಇಡುತ್ತಾರೆ.

ಎಂಟನೆಯ ಪೆಟ್ಟಿಗೆ ಒಬ್ಬ ಹೆಣ್ಣುಮಗಳಿಗೆ ಬಂದಿದೆ. ಗಣಿಯ ಪಂಪ್ ಆಪರೇಟರ್, ಮೂವತ್ತರ ಆಸುಪಾಸು. ಇಪ್ಪತ್ತು ನಿಮಿಷದಲ್ಲಿ ನಾಲ್ಕು ತಪ್ಪು ಹಿಡಿದು ಕೈ ಕಟ್ಟಿ ಕೂರುತ್ತಾರೆ. ಅಕ್ಕ ಗೋಡೆಯತ್ತ ಮುಖ ಮಾಡಿ ನಿಂತಿದ್ದಾರೆ, ಏಕದೃಷ್ಟಿಯಿಂದ ಮೊಳೆಯಲ್ಲಿರುವ ದಾರಗಳನ್ನೇ ನೋಡುತ್ತಿದ್ದಾರೆ. ಎರಡು ನಿಮಿಷ ಕಳೆಯುತ್ತದೆ. ಆಕೆ ಏನೋ ಯೋಚಿಸಿ ಎದ್ದು, ಪೆಟ್ಟಿಗೆ ಬೆನ್ನಿಗೆ ಹಾಕಿ, ಮುಖವಾಡ ಬಿಗಿದು, ಕತ್ತು ತಿರುಗಿಸುತ್ತಾರೆ. ಬಲಕ್ಕೆ. ಎಡಕ್ಕೆ. ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿದ ಮೇಲೆಯೇ ಅಕ್ಕ ಈ ಕಡೆ ತಿರುಗಿದ್ದು. ಕಣ್ಣಲ್ಲಿ ನೀರಿತ್ತು. ಬರೆದುಕೊಳ್ಳಬೇಡಿ ಎಂದರು, ಬರೆದುಕೊಂಡಿದ್ದೇನೆ.

ಎಂಟರಲ್ಲಿ ಐವರು ಪಾಸು. ಮಧ್ಯಾಹ್ನ ಎರಡೂವರೆಗೆ ನಲವತ್ತು ತಪ್ಪುಗಳು ವಾಪಸು ಬಂದು ದಾರ ಕಟ್ಟಿಸಿಕೊಳ್ಳುತ್ತವೆ, ಮೊಳೆ ಖಾಲಿಯಾಗುತ್ತದೆ. ಅಕ್ಕ ಡಬ್ಬಿ ಮುಚ್ಚಿ, ಕೈ ತೊಳೆದು, ಒರೆಸಿಕೊಂಡು ಬಂದ ಮೇಲೆ ಪರೀಕ್ಷಕರು ಲಕೋಟೆ ಕೊಡುತ್ತಾರೆ.

ಒಳಗೆ ಎರಡು ಕಾಗದಗಳಿವೆ. ಮೊದಲನೆಯದು ಎಚ್ಚರಿಕೆ ಪತ್ರ. ತಪಾಸಣೆಯಲ್ಲಿ ಲೋಪವಾಗಿದೆ, ಸೇವಾ ದಾಖಲೆಯಲ್ಲಿ ನಮೂದಿಸಲಾಗಿದೆ, ಮರುಕಳಿಸಕೂಡದು. ಅಕ್ಕ ಅದನ್ನು ಪ್ರತಿ ಪದವೂ ಬಿಡದೆ ಓದುತ್ತಾರೆ, ಸರಿಯಾಗಿದೆ ಎಂಬಂತೆ ತಲೆಯಾಡಿಸುತ್ತಾರೆ. ಎರಡನೆಯದು ಪ್ರಮಾಣಪತ್ರ. ಅದರ ಹಿಂದೆ ಅಂಟಿಸಿದ್ದ ಸಣ್ಣ ಪೊಟ್ಟಣದಲ್ಲಿ ಮೂವತ್ತಾರು ತಗಡಿನ ಬಿಲ್ಲೆಗಳು, ಎಲ್ಲದರ ಮೇಲೂ ಇಪ್ಪತ್ತೇಳು ಎಂದು ಅಚ್ಚೊತ್ತಿದೆ.

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್ ಒಮ್ಮೆ ಕೆಮ್ಮುತ್ತಾರೆ. ಮುಖ್ಯಸ್ಥರು ಕಪಾಟಿನ ಬೀಗ ತೆಗೆದು ಪಕ್ಕಕ್ಕೆ ಸರಿಯುತ್ತಾರೆ. ಅಕ್ಕ ಇಳಿಸಿಕೊಂಡದ್ದು ಇಪ್ಪತ್ತಮೂರನೆಯ ಪೆಟ್ಟಿಗೆಯನ್ನು. ಇವತ್ತು ಪುಸ್ತಕವಿಲ್ಲ, ಬಾಯಲ್ಲಿ ಮಾತಿಲ್ಲ. ಸಾಬೂನಿನ ನೀರು, ಮಾಪಕ, ಬೆನ್ನು, ಕತ್ತು. ಗಡಿಯಾರ ನೋಡಿದೆ, ಸರಿಯಾಗಿ ಇಪ್ಪತ್ತೆರಡು ನಿಮಿಷ. ನಾಲ್ಕರ ಬಿಲ್ಲೆ ಬಿಚ್ಚಿ ಮುಖ್ಯಸ್ಥರ ಕೈಗೆ ಕೊಟ್ಟು, ಇಪ್ಪತ್ತೇಳನ್ನು ಕಟ್ಟುತ್ತಾರೆ. ಕ್ಯಾಪ್ಟನ್ ಹತ್ತಿರ ಬಂದು, ಕರೆಯೇನೂ ಇಲ್ಲದಿದ್ದರೂ, ಪದ್ಧತಿಯಂತೆ ಬಿಲ್ಲೆಯನ್ನು ಬೆರಳಲ್ಲಿ ಮುಟ್ಟಿ ಗಟ್ಟಿಯಾಗಿ ಓದುತ್ತಾರೆ. ಇಪ್ಪತ್ತೇಳು.

ಇಂಥ ಬರಹದ ಕೊನೆಗೆ ನಿಮ್ಮ ಆಸೆ ಏನು ಎಂದು ಕೇಳುವುದು ನಮ್ಮ ಕಸುಬಿನ ರೂಢಿ. ಕೇಳಿದೆ. ಬೆನ್ನು ಒರಗಿಸಲು ಬರುವ ಒಂದು ಕುರ್ಚಿ ಸಿಕ್ಕರೆ ಸಾಕು, ಸ್ಟೂಲಿನ ಮೇಲೆ ಕೂತು ಸೊಂಟ ಹೋಗಿದೆ ಎಂದರು. ಮನೆಯ ಕುಕ್ಕರನ್ನು ಈ ಭಾನುವಾರ ಖಂಡಿತ ನೋಡುತ್ತಾರಂತೆ. ಆಮೇಲೆ ಮುಂದಿನ ಪೆಟ್ಟಿಗೆಯನ್ನು ಮೇಜಿಗೆ ಎಳೆದುಕೊಂಡರು. ಹೊರಡಲೆಂದು ನಾನು ಎದ್ದು ನಿಂತೆ. ಅವರು ತಮ್ಮಷ್ಟಕ್ಕೇ ಎಂಬಂತೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇಷ್ಟು ವರ್ಷ ಪೆಟ್ಟಿಗೆಲಿ ಏನಾದ್ರೂ ಆಗಿದ್ರೆ ಸಾಹೇಬ್ರನ್ನ ಕೇಳೋರು. ಇನ್ಮೇಲೆ ನನ್ನನ್ನೇ ಕೇಳ್ಲಿ."